ಗೊಲ್ಲಾಳಮ್ಮನ ಗಂಗಾಳ ಮತ್ತು ಒಂದು ದೆವ್ವದ ಸಿನಿಮಾ

ಗೊಲ್ಲಾಳಮ್ಮ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಮೊದಲು ಮಾಡುವ ಕೆಲಸ, ತಟ್ಟೆಯಂಥ ಒಂದು ಹಿತ್ತಾಳೆ ಗಂಗಾಳವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು. ಜ್ವರ ಬಂದ ದಿನವೂ ಬಿಟ್ಟಿಲ್ಲ. ಶಹಾಪುರದ ಹತ್ತಿರ, ಈಗ ಮುಚ್ಚಿರುವ ಒಂದು ಸಣ್ಣ ದವಾಖಾನೆಯಲ್ಲಿ ಅವರು ಇಪ್ಪತ್ತಾರು ವರ್ಷ ಆಯಾ ಆಗಿದ್ದರು. ಕೂಸು ಹುಟ್ಟಿತೆಂದರೆ, ಗಂಡಾಗಲಿ ಹೆಣ್ಣಾಗಲಿ, ಹೊರಗೆ ಬಂದು ಆ ಗಂಗಾಳವನ್ನು ಮೂರು ಸಲ ಬಡಿಯುತ್ತಿದ್ದರು. ಕಾಯುತ್ತಾ ಕುಳಿತವರಿಗೆ ಅದೇ ಸುದ್ದಿ. ಇಂದಿಗೂ ಓಣಿಯ ಬಾಣಂತಿ ಕೂಸಿನೊಂದಿಗೆ ಮನೆಗೆ ಬಂದಾಗ ಗಂಗಾಳ ಬಡಿಯಲು ಅವರನ್ನೇ ಕರೆಯುತ್ತಾರೆ.

ಕಳೆದ ವರ್ಷ, ಸುರಪುರದಲ್ಲಿ ಮದುವೆ ವಿಡಿಯೋ ತೆಗೆಯುವ ಲಕ್ಷ್ಮಿಕಾಂತ ಆ ಖಾಲಿ ದವಾಖಾನೆಯಲ್ಲಿ ದೆವ್ವದ ಸಿನಿಮಾ ತೆಗೆಯತೊಡಗಿದ. ಒಂದು ಕ್ಯಾಮೆರಾ, ನಾಲ್ಕು ಜನ. ಹಗಲಲ್ಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದರು. ದೆವ್ವ ಬರುವ ಮುಂಚೆ ಒಂದು ಸದ್ದು ಬೇಕೆಂದು ಗಂಗಾಳ ಕೇಳಿದ. ಯಾತಕ್ಕೆಂದು ವಿಚಾರಿಸದೆ ಗೊಲ್ಲಾಳಮ್ಮ ಕೊಟ್ಟುಬಿಟ್ಟರು.

ಸಂಜೆ ಗಂಗಾಳ ಮರಳಿ ಬಂತು. ಅದರ ಹಿಂದೆಯೇ, ಶೂಟಿಂಗ್ ನೋಡಲು ಹೋಗಿದ್ದ ಪಕ್ಕದ ಮನೆಯ ಸರಿತಾ ಬಂದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು.

“ಆಯಿ, ನನ್ನ ಕೂಸು ಬಂದಾಗ ಅದನ್ನ ಬಡೀಬ್ಯಾಡ್ರಿ. ಅದು ದೆವ್ವ ಕರಿಯೋ ಸಪ್ಪಳ ಆಗ್ಯಾದ.”

ಮರುದಿನ ಗೊಲ್ಲಾಳಮ್ಮ ಗಂಗಾಳ ತಿಕ್ಕಿ, ಕಂಕುಳಲ್ಲಿ ಹಿಡಿದು ದವಾಖಾನೆಗೆ ನಡೆದರು.

“ತಮ್ಮಾ, ಇದನ್ನ ಬಡದ್ರ ದೆವ್ವ ಬರತದಂತ ನಿನಗ ಯಾರ ಹೇಳ್ಯಾರ?”

“ಸಿನಿಮಾ ಅದ, ಬಿಡ್ರಿ ಆಯಿ,” ಎಂದ ಲಕ್ಷ್ಮಿಕಾಂತ.

“ನಿನ್ನ ಸಿನಿಮಾ ಎರಡು ತಾಸಿಂದು. ಹೆಣ್ಮಕ್ಕಳು ಜಲ್ಮಾ ಪೂರಾ ಅಂಜತಾರ. ಇದು ಕೂಸು ಬಂತು ಅಂತ ಹೇಳೋದು. ದೆವ್ವಕ್ಕ ಬೇಕಂದ್ರ ಡಬ್ಬಿ ಬಡಕೊ.”

ದೆವ್ವದ ವೇಷದಲ್ಲಿದ್ದ ಅಮಾತೆಪ್ಪ, “ನನ್ನ ಮಾರಿ ನೋಡಿದ್ರನ ಸಾಕಲ್ರಿ, ಡಬ್ಬಿ ಯಾಕ?” ಎಂದ.

ಲಕ್ಷ್ಮಿಕಾಂತ ಮೆಟ್ಟಿಲ ಮೇಲೆ ಕುಳಿತು ಕಥೆಯನ್ನೇ ತಿರುಗಿಸಿ ಬರೆದ. ಕೊನೆಯ ದೃಶ್ಯದಲ್ಲಿ ಗಂಗಾಳವನ್ನು ಗೊಲ್ಲಾಳಮ್ಮನ ಕೈಯಿಂದಲೇ ಬಡಿಸಿದ. ಸರಿತಾ ಬಾಗಿಲಲ್ಲಿ ನಿಂತು ನೋಡಿದಳು. ಮುಂದಿನ ತಿಂಗಳು ಹೆಣ್ಣುಕೂಸನ್ನು ಎತ್ತಿಕೊಂಡು ಆಟೋದಿಂದ ಇಳಿದವಳು ಮನೆಯೊಳಗೆ ಕಾಲಿಡದೆ ನಿಂತಳು. “ಮೊದಲು ಆಯಿ ಬರ್ಲಿ,” ಎಂದಳು.

ಸಿನಿಮಾವನ್ನು ಅದೇ ಓಣಿಯ ನಾನು ಗೊಲ್ಲಾಳಮ್ಮನ ಜೊತೆ ಹುಣಸಗಿಯ ಕಲ್ಯಾಣ ಮಂಟಪದಲ್ಲಿ ನೋಡಿದೆ. ದೆವ್ವದ ಸೀರೆಯ ಕೆಳಗೆ ಅಮಾತೆಪ್ಪನ ಚಪ್ಪಲಿ ಎರಡು ಸಲ ಕಾಣುತ್ತದೆ. ಆದರೂ ಅಂಜಿಕೆ ಬರುತ್ತದೆ. ರಕ್ತವಿಲ್ಲ, ಚೀರಾಟವಿಲ್ಲ. ಸಂಗೀತಕ್ಕೆ ದುಡ್ಡಿರಲಿಲ್ಲವಾದ್ದರಿಂದ ಸಲಾಯಿನ್ ಸ್ಟ್ಯಾಂಡಿನ ಗಾಲಿ ಕಿರುಗುಟ್ಟುವುದಷ್ಟೇ ಕೇಳುತ್ತದೆ. ಹೆರಿಗೆ ಕೋಣೆಯ ಹೊರಗೆ ಕುಳಿತವರು ಗಂಗಾಳದ ಸದ್ದಿಗಾಗಿ ಕಾಯುತ್ತಾರೆ, ಅದು ಬರುವುದಿಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲೇ ದೆವ್ವ ಓಡಾಡುತ್ತದೆ. ಕೊನೆಗೆ ಮೂರು ಸಲ ಗಂಗಾಳದ ಸದ್ದು ಕೇಳಿದಾಗ ದೆವ್ವ ಇರುವುದಿಲ್ಲ. ಹಿಂದಿನ ಸಾಲಿನ ಹೆಂಗಸರು ಒಟ್ಟಿಗೆ ಉಸಿರು ಬಿಟ್ಟರು.

ಹೊರಗೆ ಲಕ್ಷ್ಮಿಕಾಂತ ಕೈಮುಗಿದ. “ಆಯಿ, ಗಂಗಾಳ ಕೊಡ್ರಿ. ಯಾದಗಿರಿಯೊಳಗ ಪಾಲಿಶ್ ಮಾಡಿಸಿ ತರ್ತೀನಿ. ವರ್ಷಗಟ್ಲೆ ಹೊಳೀತದ, ದಿನಾ ತಿಕ್ಕೋದು ತಪ್ಪತದ.”

“ಬ್ಯಾಡೋ ತಮ್ಮಾ,” ಎಂದರು ಗೊಲ್ಲಾಳಮ್ಮ. “ಅದು ತಪ್ಪಿದ್ರ ಮುಂಜಾನೆದ್ದು ನಾ ಏನ ಮಾಡ್ಲಿ?”