ನರ್ಸಮ್ಮನ ಕಣ್ಣಿನ ಹನಿ

ದೀಪ ಹಚ್ಚಿ ಕಾಲು ಚಾಚಿ ಕುಂತರೆ ಈಗಲೂ ತೊಡೆ ಖಾಲಿ ಅನ್ನಿಸ್ತೈತೆ.

ಹೊಸದುರ್ಗದಲ್ಲಿ ನಮ್ಮ ಪಕ್ಕದ ಮನೆ ನರ್ಸಮ್ಮ ಊರೋರಿಗೆಲ್ಲ ಸೂಜಿ ಚುಚ್ಚಿದೋಳು. ತನ್ನ ಕಣ್ಣಿಗೆ ಹನಿ ಹಾಕ್ಕಳಾಕೆ ಮಾತ್ರ ಹೆದರೋಳು. ಅವಳಿಗೆ ಗ್ಲಾಕೋಮಾ. ಔಷಧಿ ಬಿಟ್ಟರೆ ನೋಟ ಹೋಗ್ತೈತೆ, ಹೋದದ್ದು ವಾಪಸ್ ಬರಲ್ಲ. ದಿನಾ ಸಂಜೆ ಬಂದು ನನ್ನ ತೊಡೆ ಮೇಲೆ ತಲೆ ಇಟ್ಟು, "ಹಾಕಕ್ಕ, ಬೇಗ ಬೇಗ" ಅನ್ನೋಳು.

ರಿಟೈರಾದ ಮೇಲೆ ಮಸ್ಕತ್ತಿಗೆ, ತಂಗಿ ಮನೆಗೆ ಹೊರಟಳು. ತಂಗಿ ಕೆಲಸಕ್ಕೆ ಹೋದರೆ ಬರೋದು ರಾತ್ರಿ ಹೊತ್ತಾದ ಮೇಲೆ.

"ಅಲ್ಲಿ ಯಾರೇ ಹಾಕ್ತಾರೆ? ನೀನೇ ಕಲಿ" ಅಂತ ಕೂರಿಸಿದೆ. ಹನಿಯೆಲ್ಲ ಮೂಗಿನ ಮೇಲೆ ಬಿತ್ತು. "ಕಾಯಿಲೆ ಕಣ್ಣಿಗೋ ಮೂಗಿಗೋ?" ಅಂತ ಬೈದೆ.

ಹೊರಡೋ ಹಿಂದಿನ ಸಂಜೆ ಒಂದು ಕಣ್ಣಿಗೆ ತಾನೇ ಸರಿಯಾಗಿ ಹಾಕ್ಕಂಡಳು. ಆಮೇಲೆ ಬಾಟ್ಲಿ ನನ್ನ ಕೈಗಿಟ್ಟು ತೊಡೆ ಮೇಲೆ ಮಲಗಿದಳು.

"ಇನ್ನೊಂದಕ್ಕೆ ನೀನೇ ಹಾಕಕ್ಕ. ನಿಧಾನಕ್ಕೆ ಹಾಕು."