ನಾಲ್ಕು ಬೆರಳಿನ ಗುರುತು

ಹೊಣಕೆರೆಯ ಆಲೆಮನೆಯಿಂದ ವಾಪಸ್ ಬಂದ ಗಾಣದ ಶಾಫ್ಟಿನ ಮೇಲೆ ನಾವು ಹೊಡೆದಿದ್ದ ಪದರ ಹಪ್ಪಳದಂತೆ ಎದ್ದಿತ್ತು. ಪಾಂಡವಪುರದ ನನ್ನ ವರ್ಕ್‌ಶಾಪಿನಲ್ಲಿ, ಪ್ಲಾಸ್ಮಾ ಜ್ವಾಲೆಯಲ್ಲಿ ಲೋಹದ ಪುಡಿ ಕರಗಿಸಿ ಆ ಪದರ ಹೊಡೆದವರು ಹಿರಿಯ ಕೆಲಸಗಾರ ಚಂದ್ರಾಚಾರಿ. ಅವರನ್ನು ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದೆ. ಅವರು ಶಾಫ್ಟನ್ನು ಬೆಳಕಿಗೆ ತಿರುಗಿಸಿದರು. ಪದರ ಕಿತ್ತುಬಂದ ಜಾಗ ನಾಲ್ಕು ಬೆರಳಿನ ಆಕಾರದಲ್ಲಿತ್ತು.

ಬೆರಳು ನನ್ನವೇ. ಪದರ ಹೊಡೆಯುವ ಮುಂಚೆ ಕ್ಲೀನ್ ಮಾಡಿಟ್ಟ ಶಾಫ್ಟಿಗೆ ಜಿಡ್ಡು ಸೋಕಬಾರದು. ನಾನೋ ವಡೆ ತಿಂದ ಕೈಯಲ್ಲೇ ಅದನ್ನು ತಟ್ಟುತ್ತಾ ಗಿರಾಕಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

“ಇನ್ನೊಂದ್ಸಲ ಕ್ಲೀನ್ ಮಾಡ್ತೀನಿ ಅಂತ ಅವತ್ತೇ ಯೋಳ್ದೆ ಸಾ. ಟೈಮಿಲ್ಲ ಅಂದ್ಬುಟ್ರಿ,” ಎಂದರು ಚಂದ್ರಾಚಾರಿ.

ನಾನು ಬೈದದ್ದು ಎಲ್ಲರ ಮುಂದೆ. ತಪ್ಪಾಯ್ತು ಎಂದದ್ದು ಮಾತ್ರ ಅವರೊಬ್ಬರೇ ಕೈ ತೊಳೆಯುತ್ತಿದ್ದಾಗ, ಮೆಲ್ಲಗೆ.