ದರ್ಜಿ ಹೊಲಿದ ದೋಣಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೋಟು ಹೊಲಿಯುತ್ತಿದ್ದ ದರ್ಜಿಯನ್ನು ಎಲ್ಲರೂ ಮಾಸ್ಟರು ಎಂದೇ ಕರೆಯುತ್ತಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಒಂದು ಭಾನುವಾರ ಇಬ್ಬರೂ ಕೆರೆಯ ಕಡೆ ಹೋದಾಗ, ದಂಡೆಯಲ್ಲಿ ಬೋರಲು ಹಾಕಿದ್ದ ದೋಣಿಯೊಂದು ಮಾಸ್ಟರ ಕಣ್ಣಿಗೆ ಬಿತ್ತು. ಹೆಂಡತಿ ನೀರು ನೋಡುತ್ತ ನಿಂತರೆ ಇವರು ದೋಣಿಗೆ ಮೂರು ಸುತ್ತು ಬಂದರು.

“ಇದು ಕೋಟಿನ ಬೆನ್ನೇ ಕಣೇ. ಎಲ್ಲಾ ಕತ್ತರಿಸೋದ್ರಲ್ಲಿದೆ. ನಾನೂ ಮಾಡ್ತೀನಿ.”

“ಮೊದಲು ಅಡುಗೆಮನೆ ಕಪಾಟಿನ ಬಾಗಿಲು ಸರಿಮಾಡಿ.”

ಬಾಗಿಲು ಆ ವಾರವೇ ಸರಿಹೋಯಿತು. ಮುಂದಿನ ವಾರ ಹಿತ್ತಲಿನ ಶೆಡ್ಡಿಗೆ ತೆಳು ಪ್ಲೈವುಡ್ ಬಂತು. ಹಳೆಯ ಪುಸ್ತಕವೊಂದರಲ್ಲಿ ವಿಧಾನ ಸಿಕ್ಕಿತ್ತು: ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿಯುವುದು, ಸಂದಿಗೆ ಅಂಟು ತುಂಬುವುದು, ಅಂಟು ಗಟ್ಟಿಯಾದ ಮೇಲೆ ತಂತಿ ಕಿತ್ತುಹಾಕುವುದು. “ನಾವು ಕಚ್ಚಾ ಹೊಲಿಗೆ ಹಾಕಿ ಬಿಚ್ಚೋ ಹಾಗೇನೇ!” ಎಂದು ಮಾಸ್ಟರು ಹಿಗ್ಗಿದರು.

ಹಿಗ್ಗು ಕೈಕೊಟ್ಟಿತು. ಒಂದು ಪಕ್ಕದ ಹಲಗೆ ಕತ್ತರಿಸುವಾಗ ಕೈ ತನ್ನ ಪಾಡಿಗೆ ತಾನು, ಬಟ್ಟೆಗೆ ಬಿಡುವಂತೆ, ಸುತ್ತಲೂ ಒಂದು ಬೆರಳು ಮಾರ್ಜಿನ್ ಬಿಟ್ಟಿತ್ತು. ಹಲಗೆ ಬಟ್ಟೆಯ ಹಾಗೆ ಒಳಗೆ ಮಡಚಿಕೊಳ್ಳುತ್ತದೆಯೇ? ಎಳೆದು ಬಿಗಿದಷ್ಟೂ ದೋಣಿ ಒಂದೇ ಪಕ್ಕಕ್ಕೆ ಊದಿಕೊಂಡಿತು. ನೋಡಲು ಬಂದ ಮಾಸ್ಟರ ಅಕ್ಕ, “ಇದೇನೋ ತಮ್ಮಾ, ದೋಣಿಗೆ ಕೆನ್ನೆ ಬಾತುಕೊಂಡಿದೆಯಲ್ಲೋ! ಹಲ್ಲಿನ ಡಾಕ್ಟರಿಗೆ ತೋರಿಸೋ,” ಎಂದರು.

ಮಾಸ್ಟರು ನಕ್ಕು ನಕ್ಕು ನೆಲಕ್ಕೆ ಕೂತರು. ಗಿರಾಕಿಯ ಕೋಟು ಹೀಗಾಗಿದ್ದರೆ ವಾರವಿಡೀ ಊಟ ಸೇರುತ್ತಿರಲಿಲ್ಲ. ಇಲ್ಲಿ ‘ನಾಳೆಗೇ ಬೇಕು’ ಎನ್ನುವವರಿಲ್ಲ, ಕನ್ನಡಿ ಮುಂದೆ ನಿಂತು ಮುಖ ಸಿಂಡರಿಸುವವರಿಲ್ಲ. ತಪ್ಪೂ ತನ್ನದೇ, ಹೊತ್ತೂ ತನ್ನದೇ. ಎಲ್ಲ ಬಿಚ್ಚಿ ಹೊಸದಾಗಿ ಶುರುಮಾಡಿದರು.

ಎರಡನೆಯದಕ್ಕೆ ಎಂಟು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ಗಂಟೆ. ಕೀಸುಳಿ ಎಳೆದರೆ ಮರ ಸುರುಳಿ ಸುರುಳಿಯಾಗಿ ಎದ್ದು ಬರುವುದು, ಉಪ್ಪುಕಾಗದ ಉಜ್ಜಿದ ಮೇಲೆ ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸುವುದು, ಇದೇ ಅವರಿಗೆ ಸುಖ. ಸಂದಿಗಳ ಮೇಲೆ ಗಾಜುನೂಲಿನ ಪಟ್ಟಿ ಅಂಟಿಸುವಾಗ ಮಾತ್ರ ಗುಳ್ಳೆ ಏಳತೊಡಗಿತು. ಡ್ಯೂಟಿ ಮುಗಿಸಿ ಬಂದ ಹೆಂಡತಿ ಸ್ವಲ್ಪ ಹೊತ್ತು ನೋಡಿ ತೋಳು ಮೇಲಕ್ಕೆ ಮಡಚಿಕೊಂಡರು.

“ಸರೀರಿ ಆಚೆ. ಪಟ್ಟಿ ಹಾಕೋದು ನನ್ನ ಕೆಲಸ.”

ಒಂದು ಗುಳ್ಳೆಯೂ ಉಳಿಯಲಿಲ್ಲ. ಅಂದಿನಿಂದ ಶೆಡ್ಡಿನಲ್ಲಿ ಇಬ್ಬರು ಮಾಸ್ಟರು.

ದೋಣಿಯನ್ನು ನೀರಿಗಿಳಿಸಿದ ದಿನ ಒಂದು ವಿಷಯ ಹೊರಬಿತ್ತು: ಮಾಸ್ಟರಿಗೆ ಈಜು ಬರುತ್ತಿರಲಿಲ್ಲ. ಹೆಂಡತಿ ಲೈಫ್ ಜಾಕೆಟ್ ಬಿಗಿದುಕೊಂಡು ತಾವೇ ಹತ್ತಿ, ಹುಟ್ಟು ಹಾಕುತ್ತ ಒಂದು ಸುತ್ತು ಹೋಗಿ ಬಂದರು.

“ಒಂದು ಹನಿ ನೀರು ಒಳಗೆ ಬಂದಿಲ್ಲ. ಬನ್ನಿ.”

“ನೀನು ಇನ್ನೊಂದು ಸುತ್ತು ಹಾಕು. ನಾನು ಇಲ್ಲಿಂದ ಅಂಚು ನೋಡ್ತೀನಿ.”

“ಭಯ ಅನ್ನಿ.”

“ಭಯಾನೇ.”

ಆದರೂ ಹತ್ತಿದರು. ಎರಡೂ ಅಂಚು ಗಟ್ಟಿಯಾಗಿ ಹಿಡಿದು ಕೂತರು. ನಡುನೀರಿಗೆ ಬಂದಾಗ ಒಂದು ಕೈ ಬಿಟ್ಟು ತಳದ ಹಲಗೆ ಮುಟ್ಟಿದರು. ಬೆರಳಷ್ಟೂ ದಪ್ಪವಿಲ್ಲದ ಆ ಮರದ ಕೆಳಗೆ ನೀರು ಸರಿಯುತ್ತಿರುವುದು ಅಂಗೈಗೆ ಗೊತ್ತಾಗುತ್ತಿತ್ತು. ದಂಡೆ ಸೇರುವವರೆಗೆ ಆ ಕೈ ತೆಗೆಯಲಿಲ್ಲ.

ದೋಣಿ ನೋಡಿದ ಕೆರೆದಂಡೆಯ ಹೋಟೆಲಿನವರೊಬ್ಬರು, “ನಮಗೂ ಎರಡು ಮಾಡಿಕೊಡಿ ಮಾಸ್ಟ್ರೇ, ಯಾವಾಗ ಕೊಡ್ತೀರಿ?” ಎಂದು ಕೇಳಿದರು.

“ಕೋಟು ಬೇಕಾದ್ರೆ ಹೇಳಿ, ಹದಿನೈದು ದಿನಕ್ಕೆ ಕೊಡ್ತೀನಿ. ದೋಣಿಗೆ ತಾರೀಕು ಹೇಳಲ್ಲ,” ಎಂದರು ಮಾಸ್ಟರು.

ಈಗ ಮೂರನೆಯದು ನಡೆಯುತ್ತಿದೆ. ಹಿಂದಿನದರಲ್ಲಿ ಮೊಣಕಾಲು ತಾಗುತ್ತದೆ ಎಂದು ಹೆಂಡತಿ ತಕರಾರು ತೆಗೆದಿದ್ದರಿಂದ ಇದು ಅದಕ್ಕಿಂತ ಒಂದೂವರೆ ಅಡಿ ಹೆಚ್ಚು ಉದ್ದ. ಅಳತೆ ಅವರೇ ಹಾಕಿದ್ದಾರೆ. ಹೆಂಡತಿ ಹೇಳಿದ ಕಡೆ ಮಾಸ್ಟರು ಕತ್ತರಿಸುತ್ತಿದ್ದಾರೆ.